ಇನ್ನೂ ಒಂದು ಚಳಿಗಾಲ
ನಮ್ಮ ಆಲ್ಟಾ ಊರಿನ ಮೀನು ಲಾರಿಗಳ ಧಣಿ ಓಡ್ವಾರ್‌ನ ಕಣ್ಣಿಗೆ ಸವೆದ ಟಯರೆಂಬುದೇ ಬಿದ್ದಿಲ್ಲ. ಮೊದಲ ಹಿಮ ಬಿದ್ದ ದಿನ ಕಾಫಿ ಲೋಟ ಹಿಡಿದು ಬಂದು, ಬೋಳು ರಬ್ಬರಿಗೆ ಹೆಬ್ಬೆರಳೊತ್ತಿ, ಹಿಮಸಾರಂಗದ ವ್ಯಾಪಾರಕ್ಕೆ ಬಂದವನಂತೆ ತಲೆದೂಗುತ್ತಾನೆ: "ಇನ್ನೂ ಒಂದು ಚಳಿಗಾಲ ಆರಾಮಾಗಿ ಓಡುತ್ತೆ." "ಗುಡ್ಡ ಇಳಿಯುವಾಗ ಜಾರುತ್ತೆ ಧಣಿ" ಎಂದು ನಾವು ಡ್ರೈವರುಗಳು ಹೇಳಿದರೆ, "ಜಾರೋದು ಟಯರಲ್ಲ ಕಣಯ್ಯಾ, ನಿನ್ನ ಧೈರ್ಯ!" ಹಿಮದಲ್ಲಿ ಜಾರದಂತೆ ಮೊಳೆ ಕೂರಿಸಿದ ಟಯರು ಅವನ ಪ್ರಕಾರ ರಾಜಧಾನಿ ಓಸ್ಲೋದವರ ಶೋಕಿ. ಈ ವರ್ಷ ಅವನ ಮಗಳು ಸಿಗ್ರುನ್ ಲೈಸೆನ್ಸು ಪಡೆದು ನಮ್ಮ ಜೊತೆ ಲಾರಿ ಹತ್ತಿದಳು. ಅವಳು ಹೊರಡುವ ಬೆಳಿಗ್ಗೆ ಅವಳ ಲಾರಿಗೆ ಅಷ್ಟೂ ಹೊಸ ಮೊಳೆ ಟಯರುಗಳು. ಧಣಿ ಹಿಮದಲ್ಲಿ ಮಂಡಿಯೂರಿ ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದ. ಅವಳ ಲಾರಿಯಿಂದ ಬಿಚ್ಚಿದ ಹಳೆಯವು ನನ್ನ ಲಾರಿಗೆ ಬಂದಿವೆ. ಇನ್ನೂ ಒಂದು ಚಳಿಗಾಲ ಆರಾಮಾಗಿ ಓಡುತ್ತವಂತೆ.