ಮೂರು ಬೆರಳಿನಕ್ಕ

ಅವರ ವಿಷಯ ನಾನು ಮೊದಲು ಕೇಳಿದ್ದು ಬೈಗುಳದಲ್ಲಿ. ಗಂಡ ತೀರಿಕೊಂಡ ವರ್ಷ, ಕಾಜಾ ಗುಂಡಿ ಹಾಕುವ ಕೆಲಸ ಕೇಳಿಕೊಂಡು ಆ ಹೊಲಿಗೆ ಕೋಣೆಗೆ ಹೋಗಿದ್ದೆ. ಕಟಿಂಗ್ ಮಾಸ್ಟರು ಕೈಯಲ್ಲಿದ್ದ ಕತ್ತರಿ ಕೆಳಗಿಡದೆಯೇ, "ನಾಳೆಯಿಂದ ಬನ್ನಿ. ಆದ್ರೆ ಕಿಟಕಿ ಹತ್ರ ಕೂತಿರೋ ಆಯಮ್ಮನ ಮಾತು ಕೇಳ್ಬೇಡಿ. ಒಂದೊಂದು ಫ್ರಾಕಿಗೂ ಮೂರು ಬೆರಳು ಬಟ್ಟೆ ದಂಡ ಮಾಡ್ತಾರೆ" ಎಂದರು.

ಕಿಟಕಿಯ ಬಳಿ ಇದ್ದವರು ತಲೆ ಎತ್ತಲಿಲ್ಲ. "ಮಕ್ಕಳು ಬೆಳೀತಾವೆ ಮಾಸ್ಟ್ರೇ. ನಿಮ್ಮ ಬುದ್ಧಿ ಥರ ಇದ್ದಲ್ಲೇ ಇರಲ್ಲ" ಎಂದು ಹೊಲಿಗೆ ಮುಂದುವರಿಸಿದರು.

ಅಲ್ಲಿ ಹೊಲಿಯುತ್ತಿದ್ದುದೆಲ್ಲ ಯುದ್ಧಕ್ಕೆ ಸಿಕ್ಕಿ ಮನೆ ಬಿಟ್ಟು ಬಂದ ಮಕ್ಕಳ ಶಿಬಿರಕ್ಕೆ ಹೋಗುವ ಬಟ್ಟೆ. ಎಲ್ಲರೂ ಮೂರು ಬೆರಳಿನಕ್ಕ ಎಂದು ಕರೆಯುತ್ತಿದ್ದ ಇವರು ಫ್ರಾಕಿನ ಅಂಚನ್ನು ಮೂರು ಬೆರಳಗಲ ಒಳಗೆ ಮಡಚಿ ಹೊಲಿಯುತ್ತಿದ್ದರು. ಮಗು ಬೆಳೆದ ಹಾಗೆ ಮಡಿಕೆ ಬಿಚ್ಚಿದರೆ ಫ್ರಾಕು ಉದ್ದವಾಗುತ್ತದೆ.

ಇದಕ್ಕೇಕೆ ಇಷ್ಟು ಹಟ ಎಂದು ಒಂದು ದಿನ ಕೇಳಿಯೇಬಿಟ್ಟೆ. ಐದು ವರ್ಷದವರಿದ್ದಾಗ ಅವರೂ ಅಂಥದ್ದೇ ಶಿಬಿರದಲ್ಲಿದ್ದರಂತೆ. ತಾಯಿ ದಾರಿಯಲ್ಲೇ ತೀರಿಹೋಗಿದ್ದರು. ಯಾರೋ ಕಳಿಸಿದ ಒಂದು ಫ್ರಾಕನ್ನೇ ಅಂಚು ಬಿಚ್ಚಿ ಬಿಚ್ಚಿ ಮೂರು ವರ್ಷ ತೊಟ್ಟರಂತೆ. "ಅಲ್ಲಿ ದಿನಾ ಹೆಣ ಎತ್ತೋರು. ನನ್ನ ಮುಖಾನೇ ನೋಡದ ಯಾವಳೋ, ಈ ಹುಡುಗಿ ಮುಂದಿನ ವರ್ಷಾನೂ ಇರ್ತಾಳೆ ಅಂತ ಹೊಲಿದಿದ್ಳು ನೋಡು."

ಅಲ್ಲಿಯವರೆಗೆ ಯುದ್ಧವೆಂದರೆ ನನಗೆ ರೇಡಿಯೋದ ಗದ್ದಲ ಅಷ್ಟೆ. ಆಮೇಲೆ ಫ್ರಾಕಿಗೆ ಸಿಕ್ಕಿಸಿದ ಚೀಟಿಯಲ್ಲಿ ನಾಲ್ಕು ವರ್ಷ ಎಂಬ ಅಳತೆ ಇದ್ದರೆ, ಮೂಗು ಸೋರುವ ನಾಲ್ಕು ವರ್ಷದ ಕೂಸೇ ಕಣ್ಣ ಮುಂದೆ ನಿಲ್ಲುತ್ತಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ದೇಶ ದೇಶಗಳ ಜಗಳದಲ್ಲಿ ಕೂಸು ಬಡವಾಗುವುದಲ್ಲ, ಇಲ್ಲವಾಗುತ್ತದೆ.

ಒಂದು ಸೋಮವಾರ ಬೆಳಿಗ್ಗೆ ಅಕ್ಕನ ಮೆಷಿನ್ನಿನಲ್ಲಿ ಬಟ್ಟೆ ಅಡ್ಡಾದಿಡ್ಡಿ ಓಡತೊಡಗಿತು. ನೋಡಿದರೆ ಬಲಗೈ ಜೋತುಬಿದ್ದಿದೆ, ಬಾಯಿ ಒಂದು ಕಡೆ ವಾಲಿದೆ. ಕಾಲು ಮಾತ್ರ ತುಳಿಯುತ್ತಲೇ ಇತ್ತು. ಆಸ್ಪತ್ರೆಯಲ್ಲಿ ಲಕ್ವ ಎಂದರು.

ಶುಕ್ರವಾರ ಶಿಬಿರಕ್ಕೆ ಲಾರಿ ಹೊರಡಬೇಕು. ನಲವತ್ತು ಫ್ರಾಕುಗಳ ಅಂಚು ಬಾಕಿ ಇತ್ತು. ಆ ಮೂರು ಬೆರಳು ಬಟ್ಟೆಯನ್ನೂ ಕತ್ತರಿಸಿ ಮೆಷಿನ್ನಿನಲ್ಲಿ ಒಂದೇ ಓಟ ಹೊಡೆಸಿದರೆ ಕೆಲಸ ಮುಗಿಯಿತು ಎಂದು ಮಾಸ್ಟರು ಹೊರಟರು. ನಾನು ಹೋಗಿ ಫ್ರಾಕುಗಳ ಗಂಟಿನ ಮೇಲೆ ಕೈಯಿಟ್ಟೆ.

"ಗುಂಡಿ ಹಾಕೋರಿಗೆ ಅಂಚಿನ ಉಸಾಬರಿ ಯಾಕಮ್ಮ?" ಎಂದರು.

"ಕತ್ತರಿ ಹಾಕೋದಾದ್ರೆ ಮೊದಲು ನನ್ನ ಬೆರಳಿಗೆ ಹಾಕಿ. ಅಂಚು ನಾನು ಕೈಯಲ್ಲೇ ಹೊಲೀತೀನಿ."

ಅವರು ಗೊಣಗುತ್ತ ಕತ್ತರಿ ಇಟ್ಟರು. ಇಸ್ತ್ರಿ ಮಾಡುವ ಇಬ್ಬರು ಹೆಂಗಸರನ್ನು ಕೂಡಿಸಿಕೊಂಡು ಗುರುವಾರ ಮಧ್ಯಾಹ್ನದೊಳಗೆ ನಲವತ್ತೂ ಮುಗಿಸಿದೆ. ಹೊಲಿಗೆ ಗಟ್ಟಿಯಾಗಿರಲೆಂದು ದಾರ ಎರಡೆಳೆ ಹಾಕಿದ್ದೆ. ಒಂದು ಫ್ರಾಕನ್ನು ಚೀಲದಲ್ಲಿಟ್ಟುಕೊಂಡು, ಹೊಗಳಿಸಿಕೊಳ್ಳುವ ಆಸೆಯಿಂದಲೇ ಆಸ್ಪತ್ರೆಗೆ ಹೋದೆ.

ಅಕ್ಕ ಎಡಗೈಯಲ್ಲಿ ಫ್ರಾಕು ಈಸಿಕೊಂಡರು. ಮೂರು ಬೆರಳಿಟ್ಟು ಅಳೆದರು. ಸರಿಯಾಗಿತ್ತು. ಆಮೇಲೆ ಅಂಚನ್ನು ಹಲ್ಲಿಗೆ ಕೊಟ್ಟು ದಾರ ಎಳೆದರು. ಬರಲಿಲ್ಲ. ಮತ್ತೆ ಎಳೆದರು. ಹುಬ್ಬು ಗಂಟಾಯಿತು.

ಅವತ್ತು ಅವರು ಹೇಳಿದ್ದಕ್ಕೇ ಮರಳಿ ಹೋಗಿ, ನಾವು ಮೂವರೂ ರಾತ್ರಿಯಿಡೀ ಕೂತು ನಲವತ್ತನ್ನೂ ಬಿಚ್ಚಿ ಹೊಸದಾಗಿ ಹೊಲಿದೆವು. ಮರುದಿನ ಲಾರಿ ಒಂದು ಗಂಟೆ ಕಾಯಬೇಕಾಯಿತು, ಕಾಯಲಿ. ಅಕ್ಕ ಆಮೇಲೆ ಒಂಬತ್ತು ದಿನ ಇದ್ದರು. ನೀರನ್ನು ಕೂಡ ಬಾಯಿಬಿಟ್ಟು ಕೇಳಲಿಲ್ಲ. ನನ್ನನ್ನು ಕೇಳಿಕೊಂಡಿದ್ದು ಆ ಗುರುವಾರವೇ ಕೊನೆ. ನಾಲಿಗೆ ತೊದಲುತ್ತಿತ್ತು, ನನಗೆ ಅರ್ಥವಾಗುವವರೆಗೆ ಎರಡು ಸಲ ಹೇಳಿದರು:

"ಬಿಚ್ಚೋಕೆ ಅಮ್ಮ ಇರ್ತಾಳೆ ಅಂದ್ಕೊಂಡು ಹೊಲೀಬೇಡ. ಮಗು ತಾನೇ ಎಳೆದ್ರೆ ದಾರ ಬರಬೇಕು. ಮತ್ತೆ ಹೊಲಿ."