ಕೆಂಪು ಕಲ್ಲಿನ ಕೊನೆಯ ಸಾಲು

೧೯೯೧ರಲ್ಲಿ, ಎಂಟನೇ ತರಗತಿಗೇ, ನಾನು ಓದು ನಿಲ್ಲಿಸಿ ಇಳಕಲ್ಲಿನ ಗ್ರಾನೈಟ್ ಕ್ವಾರಿಗೆ ಹೋಗುವ ಲಾರಿ ಹತ್ತಿದೆ. ಮತ್ತೆ ಪರೀಕ್ಷೆಗೆಂದು ಓದಲು ಕೂತದ್ದು ಅಮೆರಿಕದ ಡಾಲಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿ, ತಲೆ ನರೆತ ಮೇಲೆ. ಈ ದೇಶದ ಪೌರತ್ವ ಬೇಕೆಂದರೆ ಇಲ್ಲಿನ ಚರಿತ್ರೆಯ ಪ್ರಶ್ನೆಗಳಿಗೆ ಆಫೀಸರ ಮುಂದೆ ಕೂತು ಉತ್ತರ ಹೇಳಬೇಕು. ಅವುಗಳಲ್ಲೊಂದು: ಅಂತರ್ಯುದ್ಧಕ್ಕೆ ದಾರಿಯಾದ ಒಂದು ಸಮಸ್ಯೆ ಹೇಳಿ. ಕೆಳಗೆ ಮೂರು ಉತ್ತರ ಕೊಟ್ಟಿದ್ದರು. ಗುಲಾಮಗಿರಿ, ಆರ್ಥಿಕ ಕಾರಣಗಳು, ರಾಜ್ಯಗಳ ಹಕ್ಕು.

"ಇದರಾಗ ಖರೇ ಯಾವುದವ್ವಾ?" ಎಂದು ಮಗಳು ಕಾವೇರಿಯನ್ನು ಕೇಳಿದೆ.

"ಆಲ್ ತ್ರೀ, ಅಪ್ಪಾ. ಜಸ್ಟ್ ಪಿಕ್ ಒನ್."

ಒಂದು ಪ್ರಶ್ನೆಗೆ ಎರಡು ಉತ್ತರ ಬರೆದರೆ ನಮ್ಮ ಮಾಸ್ತರರು ಬೆತ್ತ ತೆಗೆಯುತ್ತಿದ್ದರು. ಇಲ್ಲಿ ಮೂರೂ ಸರಿಯಂತೆ. ಇದೆಂಥ ದೇಶವಪ್ಪಾ ಎನಿಸಿತು.

ನಾನು ಇಲ್ಲಿಗೆ ಬಂದದ್ದು ನರ್ಸ್ ಆಗಿರುವ ಹೆಂಡತಿಯ ಬೆನ್ನಿಗೆ. ಮೊದಲು ಹ್ಯೂಸ್ಟನ್ ಬಂದರಿನ ಹತ್ತಿರ ಕಲ್ಲಿನ ಯಾರ್ಡಿನಲ್ಲಿ ಕೂಲಿ. ಹಡಗಿನಿಂದ ಇಳಿದ ಕೆಂಪು ಸ್ಲ್ಯಾಬ್ ಒರೆಸಿ ನೋಡಿದರೆ ನಮ್ಮೂರಿನ ಕಲ್ಲೇ! ನನಗಿಂತ ಸಲೀಸಾಗಿ ಅದಕ್ಕೆ ಇಲ್ಲಿ ಪ್ರವೇಶ ಸಿಕ್ಕಿತ್ತು. ಭಾಷೆ ಬಾರದ ಆ ದಿನಗಳಲ್ಲಿ ಮೆಕ್ಸಿಕನ್ ಕೆಲಸಗಾರರು ಕೊಡುತ್ತಿದ್ದ ತೋರ್ತಿಯಾ, ಅಂದರೆ ಅವರ ಮೆಕ್ಕೆಜೋಳದ ರೊಟ್ಟಿ, ತಿಂದು ನೀರು ಕುಡಿದು ಒಬ್ಬನೇ ಕೂರುತ್ತಿದ್ದೆ. ಈಗ ಲೂಯಿಸ್‌ವಿಲ್‌ನಲ್ಲಿ ಸ್ವಂತ ಅಂಗಡಿ. ಮೂರು ತಾಸು ದೂರದ ಲಿಯಾಂಡರ್, ರೌಂಡ್ ರಾಕ್ ತನಕ ಹೊಸ ಮನೆಗಳಿಗೆ ಅಡುಗೆ ಕಟ್ಟೆ ಕೂರಿಸುತ್ತೇನೆ. ನಡುನಡುವೆ ಸಮಾಧಿ ಕಲ್ಲುಗಳಿಗೆ ಅಕ್ಷರ ಕೊರೆಯುತ್ತೇನೆ. ಯಾರ ಹಂಗಿನಲ್ಲೂ ಇಲ್ಲ.

ಅಂಥ ಕಲ್ಲು ಬೇಕೆಂದು ಬಂದವರು ಲೊರೆಟಾ ಮ್ಯಾಮ್. ನಿವೃತ್ತ ಶಿಕ್ಷಕಿ, ಕಪ್ಪು ಜನಾಂಗದ ಹಿರಿಯ ಹೆಂಗಸು. ಹತ್ತಿ ಹೊಲಗಳಲ್ಲಿ ಗುಲಾಮರಾಗಿ ದುಡಿದು ಸತ್ತ ಅವರ ಪೂರ್ವಜರನ್ನು ಹೂತ ಜಾಗ ಒಂದು ಹೊಸ ಲೇಔಟಿನ ಹಿಂದೆ ಉಳಿದುಕೊಂಡಿದೆ. ನೋಡಲು ಹೋದೆ. ಹೆಸರಿಲ್ಲ, ಅಕ್ಷರವಿಲ್ಲ, ತಲೆಯ ಕಡೆ ಒಂದೊಂದು ಗುಂಡುಕಲ್ಲು ಅಷ್ಟೇ. ನಮ್ಮ ವಡ್ಡರ ಮಸಣದಲ್ಲೂ ಹಾಗೇ ಇಡುತ್ತೇವೆ. ಏಳು ಸಮುದ್ರ ದಾಟಿ ಬಂದು ಗುರುತು ಸಿಕ್ಕ ಮೊದಲ ಜಾಗ ಅದು ಎಂದರೆ ಯಾರಿಗೆ ಹೇಳಲಿ?

ಪರೀಕ್ಷೆಯ ಪ್ರಶ್ನೆಯನ್ನು ಅವರಿಗೂ ಹೇಳಿದೆ. ಅವರು ಒಂದು ಕಲ್ಲಿನ ಪಕ್ಕ ಕೂತು ಬಿಡಿಸಿ ಹೇಳಿದರು. ಪಶ್ಚಿಮಕ್ಕೆ ಹೊಸ ನೆಲ ಸೇರಿದಾಗಲೆಲ್ಲ ಅಲ್ಲಿ ಗುಲಾಮರನ್ನು ಇಟ್ಟುಕೊಳ್ಳಬಹುದೇ, ಬಾರದೇ ಎಂಬ ಜಗಳ. ಉತ್ತರಕ್ಕೆ ಓಡಿಹೋದವರನ್ನು ಹಿಡಿದು ಒಡೆಯರಿಗೆ ಒಪ್ಪಿಸಬೇಕೇ ಎಂಬ ಜಗಳ. ೧೮೬೦ರ ಬೇಸಿಗೆಯಲ್ಲಿ ಡಾಲಸ್ ಪೇಟೆಗೆ ಬೆಂಕಿ ಬಿತ್ತು. ಆ ಬಿಸಿಲಿಗೆ ಅಂಗಡಿಯ ಬೆಂಕಿಕಡ್ಡಿಗಳೇ ಹೊತ್ತಿಕೊಂಡಿರಬಹುದು ಎಂದವರೂ ಇದ್ದರು. ಆದರೂ ಮೂವರು ಗುಲಾಮರನ್ನು ನೇಣಿಗೆ ಹಾಕಿದರು. ಉತ್ತರದವರು ನಮ್ಮ ಗುಲಾಮರನ್ನು ಎತ್ತಿಕಟ್ಟುತ್ತಿದ್ದಾರೆ ಎಂಬ ಭಯ ಒಡೆಯರಲ್ಲಿ ರಾಜ್ಯದ ತುಂಬ ಹಬ್ಬಿತು. ಮುಂದಿನ ವರ್ಷ ಈ ಟೆಕ್ಸಾಸ್ ದಕ್ಷಿಣದ ರಾಜ್ಯಗಳ ಜತೆ ಸೇರಿ ದೇಶದಿಂದಲೇ ಬೇರೆಯಾಯಿತು, ಯುದ್ಧ ಶುರುವಾಯಿತು.

"ಯಾಕೆ ಬೇರೆಯಾದೆವು ಅಂತ ಅವರೇ ಬರೆದಿಟ್ಟಿದ್ದಾರೆ. ಗುಲಾಮಗಿರಿ ಉಳಿಸಿಕೊಳ್ಳೋಕೆ ಅಂತ. ಮೂರು ಉತ್ತರ ಹುಟ್ಟಿದ್ದು ಯುದ್ಧ ಸೋತ ಮೇಲೆ, ಮಿಸ್ಟರ್ ಹನುಮ."

ಕಲ್ಲಿನ ಕೊನೆಗೆ ಅವರು ಕೊಟ್ಟ ಸಾಲು ಇದು: ಇವರನ್ನು ಬಿಟ್ಟುಕೊಡಲಾರೆವೆಂದು ಈ ರಾಜ್ಯ ಯುದ್ಧಕ್ಕೆ ಹೋಯಿತು.

ಆ ಲೇಔಟಿನ ಸಂಘದ ಅಧ್ಯಕ್ಷರು ಮೈಸೂರಿನ ನಿವೃತ್ತ ಡಾಕ್ಟರ್ ಅಂಕಲ್. ಕನ್ನಡದವರ ಮನೆಗಳ ಆರ್ಡರ್ ನನಗೆ ಸಿಗುತ್ತಿದ್ದದ್ದು ಅವರ ಒಂದು ಮಾತಿನಿಂದ. ಅವರು ಫೋನ್ ಮಾಡಿದರು.

"ಏನಯ್ಯಾ ಹನುಮಂತ, ಕಲ್ಲು ಬಿಟ್ಟು ಹಿಸ್ಟರಿ ಶುರು ಮಾಡಿದ್ಯಂತೆ?"

"ಅಕ್ಷರ ಕೊರೆಯೋದೂ ಕಲ್ಲಿನ ಕೆಲಸಾನೇ ಅಲ್ಲೇನ್ರಿ ಡಾಕ್ಟ್ರ?"

"ನೋಡು, ಯುದ್ಧಕ್ಕೆ ನೂರೆಂಟು ಕಾರಣ ಇರುತ್ತೆ. ಇಲ್ಲಿ ಎಲ್ಲಾ ತರದ ಜನ ಇದಾರೆ, ನಾವು ಹೊರಗಿಂದ ಬಂದೋರು. ಆ ಕೊನೇ ಸಾಲು ಬಿಟ್ಬಿಡು, ನಿನ್ನ ಕ್ರೇನಿಗೆ ಗೇಟ್ ತೆಗೆಸ್ತೀನಿ."

"ಹೊರಗಿಂದ ಬಂದೋರು ಅಂತ ಬ್ಯಾರೇದವರ ಕಲ್ಲಿನ ಮ್ಯಾಲೆ ಸುಳ್ಳು ಬರೀಲೇನ್ರಿ?"

"ಸುಳ್ಳು ಬರಿ ಅಂದ್ನೇನಯ್ಯಾ? ಬಿಡು ಅಂದೆ ಅಷ್ಟೆ."

ಫೋನ್ ಇಟ್ಟರು. ಈ ಮಾತು ಲೊರೆಟಾ ಮ್ಯಾಮ್ ಕಿವಿಗೂ ಬಿತ್ತು. "ಆ ಡಾಕ್ಟರ್ ನಿಮ್ಮ ಊರ ಕಡೆಯವರಂತೆ," ಎಂದಷ್ಟೇ ಹೇಳಿದರು. ಇಳಕಲ್ಲಿನ ಕೆಂಪು ಕಲ್ಲಿನ ಮೇಲೆ ಸಾಲು ಹೇಗಿತ್ತೋ ಹಾಗೇ ಕೊರೆದೆ.

ಕಲ್ಲು ನಿಲ್ಲಿಸುವ ದಿನ ಲೇಔಟಿನ ಗೇಟ್ ಮುಚ್ಚಿಯೇ ಇತ್ತು. ಹಿಂದಿನ ಹಳ್ಳದ ಕಡೆಯಿಂದ ಟ್ರೇಲರ್ ತಂದೆ. ಹೊಸ ಬಂಡೆಗೆ ಉಳಿ ಇಡುವಾಗ ಬೂದುಗುಂಬಳಕ್ಕೆ ಕುಂಕುಮ ಸವರಿ ಒಡೆಯುವುದು ನಮ್ಮ ಪದ್ಧತಿ. ಸತ್ತವರ ನೆಲ ಅಗೆಯುವಾಗಂತೂ ಬಿಡುವಂತಿಲ್ಲ. ಇಂಡಿಯನ್ ಸ್ಟೋರಿನಿಂದ ತಂದ ಬೂದುಗುಂಬಳವನ್ನು ಸಮಾಧಿ ಜಾಗದ ಬೇಲಿಯ ಬಾಗಿಲಲ್ಲಿ ಒಡೆದು, ಬಿಳಿ ತಿರುಳಿಗೆ ಇನ್ನಷ್ಟು ಕುಂಕುಮ ಸುರಿದು, ಕೈಮುಗಿದು ಹಾರೆ ತರಲು ಹೋದೆ.

ಅಷ್ಟರಲ್ಲಿ ಅವರ ಕುಟುಂಬದ ಕಾರುಗಳು ಬಂದವು. ಮಕ್ಕಳು ಚೀರಿದ್ದು ಕೇಳಿ ತಿರುಗಿ ನೋಡಿದರೆ ಲೊರೆಟಾ ಮ್ಯಾಮ್ ಬಾಗಿಲಲ್ಲಿ ನಿಂತಿದ್ದಾರೆ. ಕಾಲ ಬಳಿ ಒಡೆದ ಕಾಯಿ, ಕೆಂಪು ನೀರು.

"ಎಲ್ಲರೂ ಕಾರಿಗೆ ಹತ್ತಿ," ಎಂದರು. ಅವರ ಸೋದರಳಿಯ ಪೊಲೀಸರಿಗೆ ಫೋನ್ ತೆಗೆದ.

"ನಾನೇ ಮ್ಯಾಮ್! ನಾನೇ ಮಾಡಿದ್ದು!" ಓಡಿಬಂದು ಕುಂಕುಮದ ಕೈ ತೋರಿಸಿದೆ. ಅದೇ ಕುಂಕುಮವನ್ನು ನನ್ನ ಹಣೆಗೆ ಹಚ್ಚಿಕೊಂಡೆ. "ಅಪ್ಪಣೆ ಕೇಳಿದೆ. ನೆಲದಲ್ಲಿ ಇರುವವರನ್ನು."

"ನೀವು ಹೀಗೆ ಅಪ್ಪಣೆ ಕೇಳ್ತೀರಿ. ನಾನು ಚಿಕ್ಕವಳಿದ್ದಾಗ ನಮ್ಮ ಚರ್ಚಿನ ಬಾಗಿಲಿಗೆ ಬಿಳಿಯರು ಹೀಗೇ ಕೆಂಪು ಸುರಿದು ಹೋಗಿದ್ದರು. ಇಲ್ಲಿಂದ ಹೊರಡಿ ಅಂತ ಅದರರ್ಥ."

ಅವರು ಟ್ರೇಲರ್ ಕಡೆ ಬೆರಳು ತೋರಿಸಿದರು. "ಆ ಬಟ್ಟೆ ತೆಗೀರಿ. ಕೊನೇ ಸಾಲು ಇದೆಯೋ, ನಿಮ್ಮ ಡಾಕ್ಟರ್ ತೆಗೆಸಿದರೋ?"

ತಾಡಪಾಲು ಎಳೆದೆ. ಅವರು ಓದಲಿಲ್ಲ. ಕೊನೆಯ ಸಾಲಿನ ಒಂದೊಂದು ಅಕ್ಷರದೊಳಗೂ ಬೆರಳಿಟ್ಟು, ಆ ತುದಿಯ ತನಕ ಹೋದರು.

"ಮೊದಲು ಅದನ್ನು ತೊಳೀರಿ," ಎಂದರು. "ಆಮೇಲೆ ನಿಲ್ಲಿಸಿ."

ಬಕೆಟ್ಟಿನಲ್ಲಿ ನೀರು ತಂದು ನೆಲ ತೊಳೆದೆ. ಸೋದರಳಿಯ ಫೋನ್ ಜೇಬಿಗಿಟ್ಟು ಬಂದ. ಹಳ್ಳದ ದಾರಿಯಲ್ಲಿ ಕ್ರೇನ್ ಬರುವಂತಿರಲಿಲ್ಲ. ಕ್ವಾರಿಯಲ್ಲಿ ಮಾಡುವಂತೆ ಕಬ್ಬಿಣದ ಪೈಪುಗಳ ಮೇಲೆ ಕಲ್ಲು ಉರುಳಿಸಿ, ಹಾರೆಯಿಂದ ಮೀಟಿ, ಎಲ್ಲರೂ ಸೇರಿ ನಿಲ್ಲಿಸಿದೆವು. ಹೊರಡುವಾಗ ಲೊರೆಟಾ ಮ್ಯಾಮ್ ನನ್ನ ಹಣೆಯನ್ನೊಮ್ಮೆ ನೋಡಿ ತಲೆಯಾಡಿಸಿದರು. ಅದು ಕ್ಷಮೆಯೋ ಅಲ್ಲವೋ ನನಗಿನ್ನೂ ಗೊತ್ತಿಲ್ಲ.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. "ಸ್ಲೇವರಿ," ಎಂದೆ. ಆಫೀಸರ್ ತಲೆ ಎತ್ತದೆ ಮುಂದಿನ ಪ್ರಶ್ನೆಗೆ ಹೋದ. ಉಳಿದ ಎರಡರಲ್ಲಿ ಯಾವುದನ್ನು ಹೇಳಿದ್ದರೂ ಹಾಗೇ ಹೋಗುತ್ತಿದ್ದ.

ಈಗ ನನ್ನ ಬಳಿ ಇರುವುದು: ಒಂದು ಅಂಗಡಿ, ಎರಡು ಕಟಿಂಗ್ ಮಷಿನ್, ಒಂದು ಟ್ರೇಲರ್. ಡಾಕ್ಟರ್ ಕಡೆಯಿಂದ ಒಂದೂ ಆರ್ಡರ್ ಇಲ್ಲ. ಈ ದೇಶದ ಹೊಸ ಪಾಸ್‌ಪೋರ್ಟ್ ಒಂದು, ರದ್ದಾದ ಹಳೆಯದು ಒಂದು. ಲೊರೆಟಾ ಮ್ಯಾಮ್ ಕಲ್ಲು ಕತ್ತರಿಸಿದ ಸ್ಲ್ಯಾಬಿನಿಂದ ಉಳಿದ ಇಳಕಲ್ಲಿನ ಕೆಂಪು ತುಂಡು ಒಂದು, ನಾನು ಸತ್ತ ಮೇಲೆ ನನ್ನ ತಲೆಯ ಕಡೆ ಇಡಲಾಗುವಷ್ಟು. ಯಾವ ನೆಲದಲ್ಲಿ ನಿಲ್ಲಿಸುವುದೆಂದು ತಿಳಿಯದೆ ಅದನ್ನು ಅಂಗಡಿಯ ಗೋಡೆಗೆ ಒರಗಿಸಿದ್ದೇನೆ.