ರುಮಾಲಿನ ಕೆಳಗಿನ ಕೈ

ನಮ್ಮ ಸೋದರಮಾವ ಅಪ್ಪಾಸಾಹೇಬ ಪುಣೆಯ ಪೇಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುವವನು. ಅವನ ಓಣಿಯ ಹಳಬರು ದರವನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವ, ಕೊಳ್ಳುವವ ಇಬ್ಬರೂ ರುಮಾಲಿನ ಕೆಳಗೆ ಕೈ ಕೂಡಿಸಬೇಕು. ಎಷ್ಟು ಬೆರಳು ಹಿಡಿದರೋ ಅಷ್ಟು ದರ.

ನಡುವಯಸ್ಸಿನಲ್ಲಿ ಮಾವನಿಗೆ ಇಲ್ಲದವರ ದನಿ ಕೇಳತೊಡಗಿತ್ತು. ಮನೋವೈದ್ಯರು ಕೊಟ್ಟ ಗುಳಿಗೆ ಆ ದನಿಗಳ ಬಾಯಿ ಮುಚ್ಚಿಸಿತು, ಆದರೆ ಬರಬರುತ್ತ ಕೈಗೆ ನಡುಕ ತಂದಿತು. ಮನೆಯವರು ಕೇಳಿದವರಿಗೆಲ್ಲ ‘ವಾತ’ ಎಂದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ತಮ್ಮ ಸಕ್ಕರೆ ಕಾಯಿಲೆಯನ್ನು ಮದುವೆ ಪಂಕ್ತಿಯಲ್ಲಿ ಕೂಗಿ ಹೇಳುವ ಮಂದಿಗೆ ಇದೊಂದು ಹೇಳಲು ನಾಲಿಗೆ ಏಳುವುದಿಲ್ಲ!

ಹೋದ ಸುಗ್ಗಿಯಲ್ಲಿ ಮಾವ ರುಮಾಲಿನ ಕೆಳಗೆ ಐದು ಬೆರಳು ಹಿಡಿಯಹೋದ. ಅವನ ಕಿರುಬೆರಳು ಸೆಟೆದು ನಿಂತಿತು, ಹಿಡಿತಕ್ಕೆ ನಾಲ್ಕೇ ಸಿಕ್ಕವು. ಕೊಳ್ಳಲು ಬಂದಿದ್ದ ನಮ್ಮೂರ ಕಡೆಯ ವ್ಯಾಪಾರಿ ಮಧುಕರ ದರ ನಾಲ್ಕೆಂದು ತಿಳಿದ. ಕೊಟ್ಟ ಬೆರಳೆಂದರೆ ಕೊಟ್ಟ ಮಾತು, ಮಾಲು ನಷ್ಟಕ್ಕೆ ಹೋಯಿತು. ಮಗ ಶಿವಪ್ರಕಾಶ ಅಂದೇ ಹೇಳಿಬಿಟ್ಟ: “ಅಪ್ಪಾ, ಸಾಕ್ರಿ. ಇನ್ನ ಮನ್ಯಾಗ ಕೂಡ್ರಿ.”

ಮಾವ ಕೂಡಲಿಲ್ಲ, ಗುಳಿಗೆ ಕೊಡುತ್ತಿದ್ದ ಡಾಕ್ಟರ್ ಸುರಭಿಯವರ ಬಳಿ ಹೋದ. ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ ಎಂದರು ಅವರು. ಅದು ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುವುದರಿಂದಲೇ ಈ ನಡುಕ, ಈ ಬಿಗಿತ. ಜೊತೆಗೆ ಇನ್ನೊಂದು ಔಷಧ ಕೊಟ್ಟು, ಸೆರೊಟೋನಿನ್ ಎಂಬ ಮತ್ತೊಂದು ರಾಸಾಯನಿಕವನ್ನು ಹಿಡಿಯುವ ಕೆಲವು ಗ್ರಾಹಕಗಳನ್ನೂ ತಡೆದರೆ ಕೈ ಸಡಿಲಾದೀತೇ ಎಂದು ಅವರ ಆಸ್ಪತ್ರೆಯಲ್ಲಿ ಸಂಶೋಧನೆ ನಡೆದಿತ್ತು. ಸಿಗುವುದು ಔಷಧವೋ ಬರೀ ಹಿಟ್ಟಿನ ಗುಳಿಗೆಯೋ, ಮುಗಿಯುವವರೆಗೆ ಯಾರಿಗೂ ತಿಳಿಯದು. ಮಾವ ಅದಕ್ಕೆ ಸೇರಲು ಒಪ್ಪಿಕೊಂಡ.

“ಪೇಟ್ಯಾಗ ಗೊತ್ತಾದ್ರ ಹುಚ್ಚ ಅಂತಾರ್ರಿ,” ಎಂದ ಶಿವಪ್ರಕಾಶ.

ಮಾವ ಮರುದಿನವೇ ಪೇಟೆಗೆ ನಡೆದ. ಮಧುಕರ ಎಂದಿನಂತೆ ಕೈ ಚಾಚಿ ಮೇಲೆ ರುಮಾಲು ಹೊದಿಸಿದ. ಮಾವ ಅದನ್ನು ಕಿತ್ತು ಬದಿಗೆಸೆದು, ನಡುಗುವ ಕೈಯನ್ನು ಓಣಿಗೆಲ್ಲ ಕಾಣುವಂತೆ ಎತ್ತಿದ.

“ನೋಡ್ರಿ! ಇದು ವಾತ ಅಲ್ಲ. ನನಗ ತಲಿ ಕೆಟ್ಟಿತ್ತು, ಅದರ ಗುಳಿಗಿಯಿಂದ ಬಂದ ನಡುಕ ಇದು. ಇನ್ನ ದರಾ ಬಾಯಿಲೆ ಹೇಳ್ತೀನಿ. ಬೇಕಾದವ್ರು ನಿಲ್ರಿ, ಬ್ಯಾಡಾದವ್ರು ಹಾದಿ ಹಿಡೀರಿ.”

ಇಬ್ಬರು ಹಾದಿ ಹಿಡಿದರು. ಮಧುಕರ ನಿಂತ, ದರ ಕೇಳಿದ, ಭಾಳ ಆತೆಂದು ಜಗ್ಗಾಡಿದ. ಮಾವನ ಜೊತೆ ಹೋಗಿದ್ದ ನನಗೆ ಅಳು ಬಂತು, ಹೆಮ್ಮೆಯ ಅಳು.

ಕೈ ಇನ್ನೂ ನಡುಗುತ್ತಲೇ ಇದೆ. ಮೊನ್ನೆ ಊಟಕ್ಕೆ ಕೂತಾಗ ಶಿವಪ್ರಕಾಶ ಕೆಣಕಿದ: “ನಿಮಗ ಕೊಟ್ಟ ಗುಳಿಗಿ ಖೊಟ್ಟಿ, ಬರೇ ಹಿಟ್ಟಿಂದು ಇದ್ರ? ಸುಮ್ಮನ ಮರ್ಯಾದಿ ಕಳಕೊಂಡಂಗ ಆತಲ್ರಿ?”

ಮಾವ ರೊಟ್ಟಿ ಮುರಿಯುತ್ತಲೇ ಹೇಳಿದ: “ಗುಳಿಗಿ ಖೊಟ್ಟಿ ಇದ್ರ ಇರ್ಲಿ. ನಾ ಹೇಳಿದ್ದು ಖರೇ ಅದ.”